ಊಟವಾಯಿತೆ ಎಂದು ಕೇಳುವ ಇನ್ನೊಂದು ನಾಡು

ಮಾರತ್ತಹಳ್ಳಿಯ ಸೇತುವೆಯ ಬಳಿ ಸಂಜೆ ಕಾಲು ಗಂಟೆ ನಿಂತವರು ಭಾರತದ ಭಾಷೆಗಳ ಪಟ್ಟಿಯನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ವರ್ತೂರಿನ ಬಸ್ಸಿಗೆ ಕಾಯುವವರ ಕನ್ನಡ, ಹಣ್ಣಿನ ಗಾಡಿಯವರ ತೆಲುಗು ತಮಿಳುಗಳು, ಕಟ್ಟಡದ ಕೆಲಸ ಮುಗಿಸಿ ಬರುವವರ ಒಡಿಯ ಬಂಗಾಳಿಗಳು, ಹೊಸದಾಗಿ ಉದ್ಯೋಗಕ್ಕೆ ಸೇರಿದ ತರುಣರ ಹಿಂದಿ ಇಂಗ್ಲಿಷುಗಳು, ಎಲ್ಲವೂ ಒಂದರ ಮೇಲೊಂದು ಬಿದ್ದು ಕಿವಿಯನ್ನು ತುಂಬುತ್ತವೆ. ಈ ಸಂತೆಗೆ ಕೆಲವು ವರ್ಷಗಳಿಂದ ಮತ್ತೊಂದು ನುಡಿ ಬಂದು ಸೇರಿಕೊಂಡಿದೆ. ಅದನ್ನು ಆಡುವವರ ಮುಖ ನೋಡಿದರೆ ಅವರು ನಮ್ಮ ಹುಡುಗ ಹುಡುಗಿಯರೇ. ಆಡುತ್ತಿರುವುದು ಮಾತ್ರ ಕೊರಿಯದ ಭಾಷೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಸ್ಯಾಮ್‌ಸಂಗ್ ಸಂಸ್ಥೆ ತನ್ನ ಸಂಶೋಧನ ಕೇಂದ್ರವನ್ನು ಬೆಂಗಳೂರಿನಲ್ಲಿ ೧೯೯೬ರಲ್ಲಿ ತೆರೆಯಿತು. ಆ ಕೇಂದ್ರ ಮಾರತ್ತಹಳ್ಳಿಗೆ ಕೂಗಳತೆಯ ದೊಡ್ಡನೆಕ್ಕುಂದಿಯಲ್ಲಿದೆ. ಹೊರವರ್ತುಲ ರಸ್ತೆಯಲ್ಲಿ ತೆಂಕಣಕ್ಕೆ ಸ್ವಲ್ಪ ಹೋದರೆ ಕಾಡುಬೀಸನಹಳ್ಳಿಯಲ್ಲಿ ಎಲ್.ಜಿ.ಯವರ ತಂತ್ರಾಂಶದ ಕಚೇರಿ. ಕೊರಿಯದಿಂದ ಬಂದ ಮೇಲಧಿಕಾರಿಗೂ ಇಲ್ಲಿಯ ಎಂಜಿನಿಯರಿಗೂ ನಡುವೆ ನಿಂತು ಮಾತು ದಾಟಿಸುವವರು ಬೇಕು, ಅವರಿಗೆ ಸಂಬಳವುಂಟು. ಇದು ಹೊಟ್ಟೆಯ ಕಾರಣ. ಇನ್ನೊಂದು ಕಾರಣ ಕಿವಿಯದು ಮತ್ತು ನಾಲಗೆಯದು. ೨೦೨೦ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ್ದ ತಿಂಗಳುಗಳಲ್ಲಿ ನಮ್ಮ ಮಕ್ಕಳು ಕೈಯಲ್ಲಿನ ಪುಟ್ಟ ಪರದೆಯ ಮೂಲಕ ಕೊರಿಯದ ಧಾರಾವಾಹಿಗಳನ್ನೂ ಹಾಡುಗಳನ್ನೂ ಕಂಡುಕೊಂಡರು. ಹಾಡಿನ ಹಿಂದೆ ಊಟ ಬಂತು. ದಿನಸಿ ಅಂಗಡಿಯ ಕಪಾಟಿನಲ್ಲಿ ಉದ್ದಿನ ಹಪ್ಪಳದ ಪಕ್ಕದಲ್ಲಿಯೇ ಕೊರಿಯದ ಖಾರದ ಶಾವಿಗೆಯ ಪೊಟ್ಟಣ ಕುಳಿತಿತು. ಅದೇ ವರ್ಷ ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳನ್ನು ಹೆಸರಿಸುವಾಗ ಕೊರಿಯನ್ನಿಗೂ ಸ್ಥಾನ ಕೊಟ್ಟಿತು.

ಕನ್ನಡನಾಡಿಗೂ ಕೊರಿಯಕ್ಕೂ ನಂಟು ಇಂದಿನದು ಮಾತ್ರವೆಂದು ಹೇಳುವಂತಿಲ್ಲ. ೧೯೫೩ರಲ್ಲಿ ಅಲ್ಲಿಯ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ೨೨,೦೦೦ಕ್ಕೂ ಮಿಕ್ಕ ಕೈದಿಗಳ ವಿಚಾರವನ್ನು ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ಅದರ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಕೈದಿಗೆ ಅವನ ನುಡಿಯಲ್ಲಿ ವಿಷಯವನ್ನು ತಿಳಿಯಹೇಳಿಸಿ, ಅವನ ಇಚ್ಛೆ ಏನೆಂದು ಕೇಳಬೇಕಾದ ಕೆಲಸ ಅದು. ಮಾತು ದಾಟಿಸುವವನ ನಾಲಗೆಯ ಮೇಲೆ ಮನುಷ್ಯನ ಬಾಳು ನಿಂತಿರುತ್ತದೆ ಎಂಬುದನ್ನು ಆ ಶಿಬಿರಗಳಲ್ಲಿದ್ದವರು ಕಂಡಿರಬೇಕು.

ಈ ಭಾಷೆಯ ವಿಚಾರ ನನ್ನ ತನಕ ಬಂದದ್ದು ನನ್ನ ವಿದ್ಯಾರ್ಥಿನಿಯೊಬ್ಬಳಿಂದ. ಮುನ್ನೇಕೊಳಾಲದ ಹುಡುಗಿ, ತಾಯಿ ಸೊಪ್ಪು ಮಾರುತ್ತಾರೆ, ತಂದೆ ಆಟೋ ಓಡಿಸುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಕಾಂ. ತರಗತಿಯಲ್ಲಿ ಹಿಂದಿನ ಬೆಂಚು ಹಿಡಿದವಳು. ಹಾಡು ಕೇಳುತ್ತ ಕೇಳುತ್ತ ಕೊರಿಯನ್ ಲಿಪಿಯನ್ನು ತಾನೇ ಕಲಿತು, ಕೂಡಿಟ್ಟ ಹಣದಿಂದ ಒಂದು ಸಂಜೆ ತರಗತಿಗೆ ಸೇರಿದಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆರು ವಾರ ಕಳೆದ ಮೇಲೆ, ‘ಮೊದಲು ನಿನ್ನ ಇಂಗ್ಲಿಷನ್ನು ಸರಿಮಾಡಿಕೊಂಡು ಬಾ, ಆಮೇಲೆ ಕೊರಿಯನ್ ನೋಡೋಣ’ ಎಂದು ಹೇಳಿ ಕಳಿಸಿದರಂತೆ. ಅವಳು ನನ್ನಲ್ಲಿಗೆ ಬಂದದ್ದು ಸಮಾಧಾನದ ಮಾತು ಕೇಳುವುದಕ್ಕಲ್ಲ. ‘ಸಾರ್, ಕೊರಿಯನ್ ಕಲಿಯೋಕೆ ಇಂಗ್ಲಿಷ್ ಯಾಕೆ ಬೇಕು?’ ಎಂದು ಕೇಳುವುದಕ್ಕೆ.

ಪ್ರಶ್ನೆ ಸಣ್ಣದಲ್ಲ. ನಾನು ಕೊರಿಯನ್ ಪಂಡಿತನಲ್ಲ. ಆದರೆ ಅವಳ ಪುಸ್ತಕವನ್ನು ತೆರೆದು ಅವಳೊಡನೆ ಓದತೊಡಗಿದಾಗ, ಇಪ್ಪತ್ತು ವರ್ಷ ಕನ್ನಡ ವ್ಯಾಕರಣವನ್ನು ಕಲಿಸಿದವನಿಗೆ ಪರಿಚಿತರ ಮನೆಗೆ ಹಿತ್ತಲ ಬಾಗಿಲಿನಿಂದ ಹೊಕ್ಕಂತಾಯಿತು. ಮೊದಲ ಪಾಠಗಳ ಒಂದು ವಾಕ್ಯವನ್ನೇ ನೋಡಿ: ‘ನಾನುನ್ ಒಜೆ ಶಿಜಾಙೆ ಗಾಸೊ ಸ್ಸಾರುಲ್ ಸಾ ವಾಸ್ಸೊಯೊ.’ ಇದರ ಪದಗಳನ್ನು ಇದ್ದ ಸ್ಥಾನದಲ್ಲಿಯೇ ಬಿಟ್ಟು, ಒಂದೊಂದರ ತಲೆಯ ಮೇಲೆ ಕನ್ನಡವನ್ನು ಬರೆದರೆ ಹೀಗಾಗುತ್ತದೆ: ನಾನು, ನಿನ್ನೆ, ಸಂತೆಗೆ, ಹೋಗಿ, ಅಕ್ಕಿಯನ್ನು, ಕೊಂಡು, ಬಂದೆ. ಒಂದು ಪದವೂ ಸ್ಥಾನ ಬದಲಿಸಬೇಕಾಗಿಲ್ಲ. ಕರ್ತೃ ಮೊದಲು, ಕ್ರಿಯೆ ಕೊನೆಗೆ. ವಿಭಕ್ತಿ ಪದದ ಬಾಲದಲ್ಲಿ. ‘ಹೋಗಿ’, ‘ಕೊಂಡು’ ಎಂಬ ಕೃದಂತಾವ್ಯಯಗಳು ಸರಪಣಿಯ ಕೊಂಡಿಗಳಂತೆ. ಇದನ್ನು ಇಂಗ್ಲಿಷಿಗೆ ಬಿಚ್ಚಿ, ತಲೆಕೆಳಗು ಮಾಡಿ, ಪುನಃ ಕೊರಿಯನ್ನಿಗೆ ಕಟ್ಟಿಕೊಳ್ಳಿರೆಂದು ಕನ್ನಡದ ಹುಡುಗಿಗೆ ಹೇಳುವುದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆಯೇ ಸರಿ.

ಅವಳ ಪುಸ್ತಕ ನಾಲ್ಕು ಪುಟಗಳಷ್ಟು ವಿವರಿಸಿಯೂ ಅವಳಿಗೆ ಅರ್ಥವಾಗದಿದ್ದ ವಿಷಯ ಸಹಾಯಕ ಕ್ರಿಯಾಪದಗಳದು. ‘ಮೊಗೊ’ ಎಂದರೆ ತಿಂದು, ‘ಬೋದಾ’ ಎಂದರೆ ನೋಡು. ‘ಮೊಗೊ ಬೋದಾ’ ಎಂದರೇನು? ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ರಯತ್ನಿಸು’ ಎಂಬ ಬೇರೆಯೇ ಧಾತುವನ್ನು ತರಬೇಕು. ನೋಟಕ್ಕೂ ತಿನ್ನುವುದಕ್ಕೂ ಏನು ಸಂಬಂಧವೆಂದು ಕಲಿಯುವವನು ಬೆರಗಾಗಬೇಕು. ‘ತಿಂದು ನೋಡು’ ಎಂದು ನಮ್ಮ ತಾಯಂದಿರು ಒಲೆಯ ಮುಂದೆ ನಿಂತು ನಮ್ಮ ಅಂಗೈಗೆ ಹುಳಿಯ ಹನಿಯನ್ನು ಬಿಟ್ಟದ್ದು ಎಷ್ಟು ಸಲ! ಕಣ್ಣಿನಿಂದ ನೋಡುವುದಲ್ಲ, ನಾಲಗೆಯಿಂದ ನೋಡುವುದು. ಹಾಗೆಯೇ ‘ಮೊಗೊ ಬೊರಿದಾ’; ಬೊರಿದಾ ಎಂದರೆ ಬಿಸಾಡು, ತೊರೆ. ಅಂದರೆ ನಮ್ಮ ‘ತಿಂದುಬಿಡು’. ‘ಹೆ ಜುದಾ’ ಎಂದರೆ ಮಾಡಿ ಕೊಡು. ಕೊಡುವುದು ಅಲ್ಲಿಯೂ ಪರರಿಗಾಗಿ ಮಾಡಿದ ಉಪಕಾರದ ಗುರುತು. ಬರೆದಿಡು ಎಂಬಲ್ಲಿನ ‘ಇಡು’ವಿಗೂ ಅವರಲ್ಲಿ ಜೋಡಿಯುಂಟು. ನೋಡು, ಬಿಡು, ಕೊಡು, ಇಡು: ಈ ನಾಲ್ಕನ್ನೂ ನಾನು ಕಪ್ಪುಹಲಗೆಯ ಮೇಲೆ ಬರೆದಾಗ ಆ ಹುಡುಗಿ ನಕ್ಕಳು. ‘ಇಷ್ಟೇನಾ ಸಾರ್? ಇದು ನಮ್ಮಮ್ಮ ದಿನಾ ಮಾತಾಡೋದು!’

‘ನಮ್ಮಮ್ಮ’ ಎಂದಳಲ್ಲ, ಅಲ್ಲಿಯೇ ನಿಲ್ಲಿಸಿದೆ. ‘ನನ್ನಮ್ಮ’ ಎನ್ನಲಿಲ್ಲವೇಕೆ? ಒಬ್ಬಳೇ ಮಗಳಾದರೂ ಕನ್ನಡದ ಹುಡುಗಿ ನಮ್ಮಮ್ಮ, ನಮ್ಮಪ್ಪ, ನಮ್ಮನೆ ಎನ್ನುತ್ತಾಳೆ. ಗಂಡನನ್ನು ಕುರಿತು ‘ನಮ್ಮ ಮನೆಯವರು’ ಎನ್ನುವಾಗ ಯಾರೂ ಅವಳಿಗೆ ವ್ಯಾಕರಣದ ಪಾಠ ಹೇಳುವುದಿಲ್ಲ. ಕೊರಿಯನ್ನರ ‘ಉರಿ’ ಎಂಬ ಸರ್ವನಾಮವೂ ಇದೇ ಕೆಲಸವನ್ನು ಮಾಡುತ್ತದೆ: ಉರಿ ಒಮ್ಮ, ಉರಿ ಜಿಪ್, ಉರಿ ನಮ್‌ಪ್ಯೊನ್, ನಮ್ಮ ಅಮ್ಮ, ನಮ್ಮ ಮನೆ, ನಮ್ಮ ಗಂಡ. ಇಂಗ್ಲಿಷಿನಿಂದ ಬಂದ ವಿದ್ಯಾರ್ಥಿ ಇದನ್ನು ಅಪವಾದವೆಂದು ಬಾಯಿಪಾಠ ಮಾಡಬೇಕು. ಮುನ್ನೇಕೊಳಾಲದಿಂದ ಬಂದವಳಿಗೆ ಬಾಯಿಪಾಠ ಮಾಡುವುದಕ್ಕೆ ಏನೂ ಇಲ್ಲ.

ಊಟದ ವಿಷಯಕ್ಕೆ ಬಂದರೆ ಈ ನೆರೆತನ ಇನ್ನೂ ಹತ್ತಿರದ್ದು. ದಾರಿಯಲ್ಲಿ ಸಿಕ್ಕ ಪರಿಚಿತರನ್ನು ನಾವು ‘ಊಟ ಆಯ್ತಾ?’ ಎಂದು ಕೇಳುತ್ತೇವೆ. ಉತ್ತರವಾಗಿ ಯಾರೂ ಪಲ್ಯದ ವರದಿ ಒಪ್ಪಿಸುವುದಿಲ್ಲ, ಅದು ಕ್ಷೇಮಸಮಾಚಾರ. ಕೊರಿಯದಲ್ಲಿಯೂ ಹಾಗೆಯೇ ಕೇಳುತ್ತಾರೆ: ‘ಬಮ್ ಮೊಗೊಸ್ಸೊಯೊ?’ ಅನ್ನ ಉಂಡಿರಾ? ಅಲ್ಲಿ ಅನ್ನವೆಂದರೆ ಊಟ, ಊಟವೆಂದರೆ ಅನ್ನ. ಗದ್ದೆಯಲ್ಲಿರುವಾಗ ‘ಬ್ಯೊ’, ಕುಟ್ಟಿದ ಮೇಲೆ ‘ಸ್ಸಲ್’, ಬೆಂದ ಮೇಲೆ ‘ಬಪ್’. ನಮ್ಮಲ್ಲಿ ಬತ್ತ, ಅಕ್ಕಿ, ಅನ್ನ. ಇಂಗ್ಲಿಷಿಗೆ ಇವೆಲ್ಲಕ್ಕೂ ಸೇರಿ ಒಂದೇ ಮಾತು ಸಾಕು; ಗದ್ದೆಗೆ ಇಳಿಯದವರ ಭಾಷೆಗೆ ಅದು ಸಾಲುವುದು ಸಹಜ. ಹಿರಿಯರ ಎದುರಿನಲ್ಲಿ ‘ಬಪ್’ ಎಂಬ ಮಾತೂ ಸಲ್ಲದು. ಅವರು ಉಣ್ಣುವುದು ‘ಜಿಂಜಿ’. ನಮ್ಮ ಕೆಲವು ಮನೆಗಳಲ್ಲಿಯೂ ಮಠಗಳಲ್ಲಿಯೂ ‘ಪ್ರಸಾದವಾಯಿತೆ?’ ಎಂದು ಕೇಳುವುದನ್ನು ಬಲ್ಲವರಿಗೆ ಇದರ ಮರ್ಯಾದೆ ತಾನಾಗಿ ಹೊಳೆಯುತ್ತದೆ.

ಮೇಲಿನ ಪ್ರಶ್ನೆಯಲ್ಲಿ ‘ಬಪ್’ ಎಂಬುದು ‘ಬಮ್’ ಆದದ್ದನ್ನು ವಾಚಕರು ಗಮನಿಸಿರಬಹುದು. ಅದು ಅಚ್ಚಿನ ದೋಷವಲ್ಲ. ಮುಂದೆ ಮಕಾರ ಬಂದುದರಿಂದ ಪಕಾರ ತನ್ನ ವರ್ಗದ ಅನುನಾಸಿಕವಾಯಿತು. ‘ಗುಕ್’ ಎಂದರೆ ಸಾರು, ‘ಮುಲ್’ ಎಂದರೆ ನೀರು. ಎರಡೂ ಕೂಡಿ ಸಾರಿನ ತಿಳಿಗೆ ‘ಗುಙ್‌ಮುಲ್’. ವಾಕ್ ಎಂಬುದಕ್ಕೆ ಮಯ ಸೇರಿ ವಾಙ್ಮಯವಾಗುವುದನ್ನು ಪ್ರೌಢಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಅನುನಾಸಿಕ ಸಂಧಿ ಎಂದು ಎರಡು ಪದ ಹೇಳಿದರೆ ಮುಗಿಯಿತು. ಪರೀಕ್ಷೆಯ ಎರಡು ಅಂಕಕ್ಕಾಗಿ ಕಲಿತು ಮರೆತ ಸಂಧಿ ಹೀಗೆ ಸಾರಿನ ಬಟ್ಟಲಲ್ಲಿ ತೇಲಿ ಬಂದೀತೆಂದು ಯಾವ ಮೇಷ್ಟರು ತಾನೆ ಎಣಿಸಿದ್ದರು?

ಉಣ್ಣುವ ಧಾತುವನ್ನು ಕೊರಿಯನ್ನರು ಬಳಸುವ ರೀತಿಯೂ ನೋಡತಕ್ಕದ್ದು. ಅವರು ಬೈಗುಳ ತಿನ್ನುತ್ತಾರೆ, ನಾವೂ ತಿನ್ನುತ್ತೇವೆ. ಅವರಲ್ಲಿಯೂ ಲಂಚವನ್ನು ತಿನ್ನುತ್ತಾರೆ. ಇದರಲ್ಲಿ ನಮಗೂ ಅವರಿಗೂ ಧಾತುಸಾಮ್ಯ ಮಾತ್ರವೇ ಇದ್ದರೆ ಸಂತೋಷ. ಆದರೆ ಅವರು ವಯಸ್ಸನ್ನೂ ತಿನ್ನುತ್ತಾರೆ. ಹೊಸ ವರ್ಷದ ದಿನ ಅಕ್ಕಿಹಿಟ್ಟಿನ ಬಿಲ್ಲೆಗಳನ್ನು ಹಾಕಿದ ಸಾರನ್ನು ಉಂಡವರಿಗೆ ಒಂದು ವಯಸ್ಸು ಹೆಚ್ಚಾಯಿತೆಂದು ಹಿಂದಿನಿಂದ ಬಂದ ಮಾತು. ನಿರ್ಧಾರ ಮಾಡುವುದಕ್ಕೆ ‘ಮನಸ್ಸು ತಿನ್ನು’ ಎನ್ನುತ್ತಾರೆ. ನಾವು ‘ಮನಸ್ಸು ಮಾಡು’ ಎನ್ನುತ್ತೇವೆ. ಅನ್ನ ಬೇಯಿಸುವುದಕ್ಕೆ ಇರುವ ‘ಜಿತ್ತಾ’ ಎಂಬ ಮಾತಂತೂ ನನಗೆ ಬಹಳ ಪ್ರಿಯವಾದುದು. ಅದೇ ಮಾತಿನಿಂದ ಮನೆ ಕಟ್ಟುತ್ತಾರೆ, ಬಟ್ಟೆ ಹೊಲಿಯುತ್ತಾರೆ, ಬೇಸಾಯ ಮಾಡುತ್ತಾರೆ, ಮಗುವಿಗೆ ಹೆಸರಿಡುತ್ತಾರೆ, ಕವಿತೆ ಬರೆಯುತ್ತಾರೆ. ನಮ್ಮ ‘ಕಟ್ಟು’ ಮನೆಗೂ ಹಾಡಿಗೂ ಬುತ್ತಿಗೂ ನಾಡಿಗೂ ಸಲ್ಲುತ್ತದೆ. ಒಲೆಯ ಮೇಲಿನ ಅನ್ನಕ್ಕೆ ಮಾತ್ರ ಸಲ್ಲದು. ಅನ್ನ ಬೇಯಿಸುವವಳನ್ನೂ ಕವಿಯನ್ನೂ ಒಂದೇ ಧಾತುವಿನ ಪಂಕ್ತಿಯಲ್ಲಿ ಕುಳ್ಳಿರಿಸಿದ ನಾಡಿನ ಬಗ್ಗೆ ಗೌರವ ಹುಟ್ಟದೆ ಇರದು.

ರುಚಿಯ ಮಾತುಗಳನ್ನೂ ಒಂದು ಸಂಜೆ ಲೆಕ್ಕ ಹಾಕಿದೆವು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಇವಕ್ಕೆ ಅವರಲ್ಲಿ ಒಂದೊಂದು ದೇಸಿ ಶಬ್ದ ಸಿಕ್ಕಿತು. ‘ಒಗರು?’ ಎಂದು ಕೇಳಿದೆ. ಎಳೆಯ ಕಾಕಿಹಣ್ಣನ್ನು ಕಚ್ಚಿದಾಗ ಬಾಯಿ ಹಿಡಿದುಕೊಳ್ಳುವ ಆ ರುಚಿಗೂ ಅವರಲ್ಲಿ ಮನೆಮಾತು ಇದೆ. ಆಯುರ್ವೇದದ ಷಡ್ರಸ ಪೂರ್ತಿಯಾಯಿತು. ಇನ್ನು ಮೆಣಸಿನಕಾಯಿ, ಅದು ಅಮೆರಿಕದಿಂದ ಹಡಗೇರಿ ಬಂದದ್ದು. ನಮಗೂ ಅವರಿಗೂ ದೊರೆತದ್ದು ೧೬ನೆಯ ಶತಮಾನದಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಇಂದು ಬ್ಯಾಡಗಿಯಿಲ್ಲದ ನಮ್ಮ ಅಡಿಗೆಯನ್ನೂ ‘ಗೊಚು’ ಇಲ್ಲದ ಅವರ ಅಡಿಗೆಯನ್ನೂ ಊಹಿಸುವುದು ಕಷ್ಟ. ಚಳಿಗಾಲಕ್ಕೆ ಮುಂಚೆ ಕೇರಿಯ ಹೆಂಗಸರೆಲ್ಲ ಕೂಡಿ ಮೂಟೆಗಟ್ಟಲೆ ಕೋಸಿನಿಂದ ಕಿಮ್ಚಿ ಹಾಕುವ ‘ಗಿಮ್‌ಜಾಂಗ್’ ಎಂಬ ಪದ್ಧತಿಯನ್ನು ೨೦೧೩ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಇಡುವ ನಮ್ಮ ಹೆಂಗಸರನ್ನು ಯಾವ ಪಟ್ಟಿಗೂ ಇನ್ನೂ ಯಾರೂ ಸೇರಿಸಿಲ್ಲ.

ಹಾಡಿನ ಮೂಲಕ ಭಾಷೆ ಕಲಿಯುವುದರ ಬಗ್ಗೆ ನನಗೆ ಮೊದಲಿನಿಂದ ಅರೆಮನಸ್ಸು. ಹಾಡು ನಾಲಗೆಯನ್ನು ಪಳಗಿಸುತ್ತದೆ, ನಿಜ. ಢವಢವ, ಮಿಣಮಿಣ, ಕೊತಕೊತ ಎಂಬಂಥ ಅನುಕರಣ ಶಬ್ದಗಳು ಅವರಲ್ಲಿಯೂ ಹೇರಳ. ಎದೆ ಬಡಿಯುವುದು ‘ದುಗುನ್ ದುಗುನ್’, ಸಾರು ಕುದಿಯುವುದು ‘ಬೋಗುಲ್ ಬೋಗುಲ್’. ಇಂಥವು ಹಾಡಿನಲ್ಲಿ ಕೇಳಿದರೆ ಮರೆಯುವುದಿಲ್ಲ. ಆದರೆ ೨೦೧೩ರಲ್ಲಿ ರಂಗಕ್ಕೆ ಬಂದು ಜಗತ್ತನ್ನೇ ಕುಣಿಸಿದ ಬಿ.ಟಿ.ಎಸ್. ತಂಡದವರು ಹಾಡುವುದು ಹೆಚ್ಚಾಗಿ ಗೆಳೆಯರೊಳಗಿನ ಏಕವಚನದ ಭಾಷೆಯಲ್ಲಿ. ಕೊರಿಯದಲ್ಲಿ ಎದುರಿನವರ ವಯಸ್ಸು ಸ್ಥಾನಗಳಿಗೆ ತಕ್ಕಂತೆ ಕ್ರಿಯಾಪದದ ಕೊನೆ ಬದಲಾಗಬೇಕು. ಹಾಡಿನಿಂದ ಮಾತ್ರ ಕಲಿತು ಮೇಲಧಿಕಾರಿಯೊಡನೆ ಮಾತಿಗಿಳಿದರೆ, ಚಿತ್ರಗೀತೆಯಿಂದ ಕನ್ನಡ ಕಲಿತವನು ತರಕಾರಿ ಮಾರುವವಳನ್ನು ‘ಓ ನಲ್ಲೆ’ ಎಂದು ಕರೆದಷ್ಟೇ ಅಪಾಯ. ಮರ್ಯಾದೆಯ ಭಾಷೆಯನ್ನು ಕಲಿಸುವುದು ಅಡಿಗೆಮನೆ ಮತ್ತು ಅಂಗಡಿ. ‘ಬಾ, ಬನ್ನಿ, ದಯಮಾಡಿಸಿ’ ಎಂಬ ಮೂರು ಮೆಟ್ಟಿಲನ್ನು ಹತ್ತಿ ಇಳಿದು ಅಭ್ಯಾಸವಿದ್ದ ನನ್ನ ವಿದ್ಯಾರ್ಥಿನಿಗೆ ಆ ಮೆಟ್ಟಿಲುಗಳು ಎಡವಲಿಲ್ಲ. ಅಣ್ಣ ತಮ್ಮ, ಅಕ್ಕ ತಂಗಿ ಎಂದು ಹಿರಿಕಿರಿತನವನ್ನು ಮಾತ್ರ ನಾವು ನೋಡಿದರೆ, ಅವರು ಹಿರಿಯರನ್ನು ಕರೆಯುವಾಗ ಕರೆಯುವವರು ಗಂಡೋ ಹೆಣ್ಣೋ ಎಂಬುದನ್ನೂ ನೋಡುತ್ತಾರೆ. ಹುಡುಗಿಗೆ ಅಣ್ಣ ‘ಓಪ್ಪ’, ಹುಡುಗನಿಗೆ ಅಣ್ಣ ‘ಹ್ಯೊಂಗ್’. ಇಷ್ಟನ್ನು ಹೊಸದಾಗಿ ಕಲಿತಳು.

ಹಾಡಿನ ಬಗೆಗಿನ ನನ್ನ ಅರೆಮನಸ್ಸನ್ನು ಪೂರ್ಣ ಮನಸ್ಸಾಗಿಸಿದ್ದು ಒಂದು ಹುಲಿ. ೨೦೨೦ರಲ್ಲಿ ‘ಈ ನಲ್ಚಿ’ ಎಂಬ ತಂಡ ಹಾಡಿ ಪ್ರಸಿದ್ಧವಾದ ‘ಬೊಮ್ ನೆರ್ಯೊ ಓನ್ದಾ’ ಎಂಬ ಹಾಡನ್ನು ಅವಳು ಕೇಳಿಸಿದಳು. ಹೆಸರಿನ ಅರ್ಥ: ಹುಲಿ ಇಳಿದು ಬರುತ್ತದೆ. ಇಲ್ಲಿಯೂ ‘ಇಳಿದು’ ಎಂಬ ಕೃದಂತ, ‘ಬರು’ ಎಂಬ ಕ್ರಿಯೆ, ನಮ್ಮ ಕ್ರಮದಲ್ಲಿಯೇ. ಹಾಡು ಹೊಸದಲ್ಲ. ಒಬ್ಬ ಗಾಯಕ, ಒಬ್ಬ ಮದ್ದಳೆಯವ, ಇಬ್ಬರೇ ಗಂಟೆಗಟ್ಟಲೆ ಕಥೆಯನ್ನು ಹಾಡಿ ಹೇಳಿ ನಡೆಸುವ ‘ಪಾನ್‌ಸೋರಿ’ ಎಂಬ ಕಲೆಯಿಂದ ಎತ್ತಿಕೊಂಡದ್ದು. ನಮ್ಮ ಹರಿಕಥೆಯನ್ನು ನೆನೆಸಿಕೊಳ್ಳಿ. ಕೇಳುವವರೂ ಮದ್ದಳೆಯವನೂ ನಡುನಡುವೆ ‘ಭಲೆ’ ಎಂಬರ್ಥದ ಉದ್ಗಾರ ತೆಗೆಯದಿದ್ದರೆ ಹಾಡುವವನಿಗೆ ಹುರುಪಿಲ್ಲ. ಹನ್ನೆರಡು ಕಥೆಗಳಿದ್ದುದರಲ್ಲಿ ಪರಂಪರೆಯಿಂದ ಉಳಿದು ಬಂದವು ಐದು. ಅವುಗಳಲ್ಲಿ ಒಂದು ‘ಸುಗುಙ್‌ಗ’.

ಅದರ ಕಥೆಯನ್ನು ಅವಳು ಹೇಳತೊಡಗಿದಾಗ ನಾನು ನಡುವೆಯೇ ಮುಗಿಸಿಬಿಟ್ಟೆ. ಕಡಲ ರಾಜನಿಗೆ ಕಾಯಿಲೆ; ಮೊಲದ ಪಿತ್ತಜನಕಾಂಗ ತಿಂದರೆ ಗುಣ. ಆಮೆ ದಡಕ್ಕೆ ಬಂದು ಮೊಲವನ್ನು ಮರುಳುಮಾಡಿ ಕರೆದೊಯ್ಯುತ್ತದೆ. ಸಂಗತಿ ತಿಳಿದ ಮೊಲ, ‘ಅಯ್ಯೋ, ಅದನ್ನು ಮನೆಯಲ್ಲಿಯೇ ಬಿಟ್ಟು ಬಂದೆನಲ್ಲ!’ ಎನ್ನುತ್ತದೆ. ನಮ್ಮ ಪಂಚತಂತ್ರದ ಕಪಿ ತನ್ನ ಎದೆಯನ್ನು ಮರದ ಮೇಲೆ ಬಿಟ್ಟು ಬಂದೆನೆಂದು ಮೊಸಳೆಗೆ ಹೇಳಿದ ಸುಳ್ಳು ಇದೇ. ಬೌದ್ಧರ ಜಾತಕಕಥೆಗಳೊಡನೆ ಚೀನದ ದಾರಿಯಾಗಿ ಕೊರಿಯವನ್ನು ಸೇರಿ, ಕಪಿ ಮೊಲವಾಗಿ, ಮೊಸಳೆ ಆಮೆಯಾಗಿ, ಎದೆ ಪಿತ್ತಜನಕಾಂಗವಾಗಿ ಬದಲಾಯಿತು. ೧೧೪೫ರಲ್ಲಿ ಪೂರ್ತಿಯಾದ ‘ಸಮ್‌ಗುಕ್ ಸಾಗಿ’ ಎಂಬ ಅವರ ಇತಿಹಾಸಗ್ರಂಥದಲ್ಲಿ, ಸೆರೆಸಿಕ್ಕ ರಾಯಭಾರಿಯೊಬ್ಬನಿಗೆ ತಪ್ಪಿಸಿಕೊಳ್ಳುವ ಉಪಾಯವಾಗಿ ಈ ಕಥೆಯನ್ನು ಹೇಳಿದ ಪ್ರಸಂಗವಿದೆ. ಎದೆಯನ್ನು ಏಕೆ ಬದಲಿಸಿದರೆಂಬುದಕ್ಕೆ ಅವರ ನುಡಿಗಟ್ಟೇ ಸುಳುಹು ಕೊಡುವಂತಿದೆ. ನಾವು ‘ಎಂಟೆದೆಯವನು’ ಎನ್ನುವವನನ್ನು ಅವರು ‘ಪಿತ್ತಜನಕಾಂಗ ದೊಡ್ಡದು’ ಎನ್ನುತ್ತಾರೆ. ಧೈರ್ಯದ ವಾಸ ಅವರಲ್ಲಿ ಅಲ್ಲಿ.

ಹುಲಿ ಎಲ್ಲಿಂದ ಬಂತು? ಕಡಲನ್ನು ಈಜಿ ಬಂದ ಆಮೆಯ ದವಡೆ ಮರಗಟ್ಟಿತ್ತು. ‘ತೋ’ ಎಂದು ಮೊಲರಾಯನನ್ನು ಕೂಗಹೋದರೆ ಬಾಯಿಂದ ‘ಹೋ’ ಎಂದು ಹೊರಟು, ಅದು ಹುಲಿರಾಯನ ಹೆಸರಾಗಿ, ಮರ್ಯಾದೆಯಿಂದ ಯಾರೂ ಎಂದೂ ಕರೆಯದ ಹುಲಿ ಹಿಗ್ಗಿ ಬೆಟ್ಟದಿಂದ ಇಳಿದು ಬಂತು. ಒಂದು ವ್ಯಂಜನ ಜಾರಿದ್ದರ ಫಲ! ನಮ್ಮಲ್ಲಿಯೂ ಪಕಾರ ಜಾರಿ ಹಕಾರವಾದದ್ದರಿಂದಲೇ ಹಳಗನ್ನಡದ ‘ಪುಲಿ’ ಇಂದಿನ ‘ಹುಲಿ’ಯಾಗಿರುವುದು. ತರಗತಿಯಲ್ಲಿ ಈ ಕಥೆಯನ್ನು ಹೇಳಿ ಪಕಾರ ಹಕಾರದ ಪಾಠ ಮಾಡಿದ ದಿನ ಹಿಂದಿನ ಬೆಂಚಿನವರೂ ನಿದ್ದೆ ಹೋಗಲಿಲ್ಲ.

ಇಷ್ಟೆಲ್ಲ ಸಾಮ್ಯ ಕಂಡ ಮೇಲೆ ಮನಸ್ಸು ಒಂದು ಹೆಜ್ಜೆ ಮುಂದಿಡಲು ತವಕಿಸುತ್ತದೆ. ಅಮ್ಮನಿಗೆ ಅವರಲ್ಲಿ ಒಮ್ಮ, ಅಪ್ಪನಿಗೆ ಅಪ್ಪ; ನಾನು ಎಂಬುದಕ್ಕೆ ‘ನಾ’; ‘ಸ್ನೇಹಿತನಿಗೆ’ ಎಂಬಲ್ಲಿನ ಚತುರ್ಥಿ ಅವರಲ್ಲಿ ‘ಎಗೆ’. ಹಾಗಾದರೆ ಕನ್ನಡವೂ ಕೊರಿಯನ್ನೂ ದಾಯಾದಿಗಳೇ? ಹೀಗೆಂದು ನಂಬಿದವರು ಸಾಮಾನ್ಯರಲ್ಲ. ಸೋಲ್ ನಗರದಲ್ಲಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ ೧೯೦೫ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವೊಂದನ್ನೇ ಬರೆದನು. ಇಂದಿನ ಭಾಷಾವಿಜ್ಞಾನಿಗಳು ಈ ವಾದವನ್ನು ಒಪ್ಪುವುದಿಲ್ಲ. ಹಸುಳೆಯ ತುಟಿ ಕೂಡಿ ಬಿಡುವಾಗ ಹುಟ್ಟುವ ಅಮ್ಮ ಅಪ್ಪಗಳು ಲೋಕದ ಎಷ್ಟೋ ಭಾಷೆಗಳಲ್ಲಿವೆ. ಕ್ರಿಯೆಯನ್ನು ಕೊನೆಗಿಡುವ ಭಾಷೆಗಳಲ್ಲಿ ವಿಭಕ್ತಿ ಬಾಲಕ್ಕೆ ಬರುವುದೂ ವಿಶೇಷವಲ್ಲ. ಕೊರಿಯನ್ ಕ್ರಿಯಾಪದಕ್ಕೆ ಬಂದನು, ಬಂದಳು, ಬಂದಿತು ಎಂಬ ಭೇದವೇ ಇಲ್ಲ. ಸದ್ದಿನ ಹೋಲಿಕೆಗೆ ಮರುಳಾಗುವ ಗುಣ ನಮ್ಮ ಊರಿನ ನೀರಿನಲ್ಲಿಯೇ ಇದೆಯೆಂದು ತೋರುತ್ತದೆ: ಇಲ್ಲಿ ‘ಮಾರುತ’ ಎಂಬ ಯುದ್ಧವಿಮಾನ ಬಿದ್ದುದರಿಂದ ಮಾರತ್ತಹಳ್ಳಿ ಎಂಬ ಹೆಸರು ಬಂತೆಂದು ಹೇಳುವವರು ಇಂದಿಗೂ ಇದ್ದಾರೆ. ಆ ವಿಮಾನ ಮೊದಲು ಹಾರಿದ್ದು ೧೯೬೧ರಲ್ಲಿ. ಹೆಸರಿಡಿಸಿಕೊಳ್ಳಲು ಹಳ್ಳಿಯೊಂದು ಅಷ್ಟು ಕಾಲ ಕಾದಿತ್ತೆಂದು ನಾನು ನಂಬಲಾರೆ.

ಆದರೆ ರಕ್ತಸಂಬಂಧವಿಲ್ಲದಿದ್ದರೇನು, ನೆರೆಹೊರೆಯವರಿಂದ ಮಜ್ಜಿಗೆಗೆ ಹೆಪ್ಪು ತರುವುದಿಲ್ಲವೆ? ಕಲಿಯುವವಳಿಗೆ ಬೇಕಾದದ್ದು ವಂಶವೃಕ್ಷವಲ್ಲ. ಅವಳು ಬಸ್ಸಿಗೆ ಅವರು ‘ಬೊಸು’ ಎನ್ನುವುದನ್ನು ಕೇಳಿ ನಕ್ಕಳು. ವ್ಯಂಜನಾಂತ ಪರದೇಶಿ ಶಬ್ದಕ್ಕೆ ನಾವೂ ಅವರೂ ಒಂದೊಂದು ಸ್ವರವನ್ನು ಊರುಗೋಲಾಗಿ ಕೊಡುತ್ತೇವೆ. ಆ ಕೊನೆಯ ಸ್ವರ ನಮ್ಮ ಉಕಾರವಲ್ಲ, ತುಟಿ ದುಂಡಗಾಗದೆ ಹೊರಡುವುದು; ತುಳುವರೂ ಕೊಡವರೂ ಅದನ್ನು ತಾಯಿಯ ಹಾಲಿನೊಡನೆ ಕಲಿತಿರುತ್ತಾರೆ, ಉಳಿದ ನಮಗೆ ವಾರಗಟ್ಟಲೆ ಸಾಧನೆ. ಕಾಫಿಗೆ ಅವರದು ‘ಕೊಪಿ’. ಅವಳ ಅಜ್ಜಿಯದು ‘ಕಾಪಿ’.

ಇದೆಲ್ಲ ಬರಿಯ ವಿನೋದವಲ್ಲವೆಂದು ತೋರಿದ್ದು ಲಿಪಿಯ ಇತಿಹಾಸವನ್ನು ಓದಿದಾಗ. ದೊರೆ ಸೇಜೋಂಗ್ ೧೪೪೩ರಲ್ಲಿ ರೂಪಿಸಿ ೧೪೪೬ರಲ್ಲಿ ಪ್ರಕಟಿಸಿದ ಇಪ್ಪತ್ತೆಂಟು ಅಕ್ಷರಗಳಲ್ಲಿ ಕೆಲವು ಉಚ್ಚಾರಣೆಯ ಅಂಗಗಳ ಚಿತ್ರಗಳೇ. ನಾಲಗೆಯ ಬುಡ ಗಂಟಲನ್ನು ತಡೆಯುವ ಆಕಾರ ಕಂಠ್ಯಕ್ಕೆ. ನಾಲಗೆಯ ತುದಿ ಮೇಲಕ್ಕೆ ತಗಲುವ ಆಕಾರ ನಕಾರಕ್ಕೆ. ಬಾಯಿಯ ಚೌಕ ಮಕಾರಕ್ಕೆ. ಆ ಧ್ವನಿವಿಂಗಡಣೆ ಚೀನದಿಂದ ಬಂದದ್ದು. ಚೀನಕ್ಕೆ ಅದರ ಪಾಠ ಮುಟ್ಟಿದ್ದು ಸಂಸ್ಕೃತದ ವರ್ಣಮಾಲೆಯನ್ನು ಹೊತ್ತು ಹೋದ ಬೌದ್ಧರಿಂದ. ವ್ಯಂಜನ ಸ್ವರಗಳನ್ನು ಒಂದೇ ಅಕ್ಷರದ ಗೂಡಿನಲ್ಲಿ ಅಡಕುವ ಕ್ರಮ ಕಾಗುಣಿತ ಬಲ್ಲ ಮಗುವಿಗೆ ಒಂದು ವಾರದ ಕೆಲಸ. ಜನರಾಡುವ ನುಡಿಗೆ ಲಿಪಿ ಬೇಕೆಂದು ದೊರೆಯೇ ಹೇಳಿದರೂ, ಚೀನೀ ಅಕ್ಷರವನ್ನು ಬಿಡುವುದು ಅನಾಗರಿಕರ ಲಕ್ಷಣವೆಂದು ಆಸ್ಥಾನದ ವಿದ್ವಾಂಸರು ೧೪೪೪ರಲ್ಲಿಯೇ ಬಿನ್ನವತ್ತಳೆ ಬರೆದರು. ಹೆಂಗಸರ ಬರವಣಿಗೆ, ಒರಟು ಬರವಣಿಗೆ ಎಂಬ ತಿರಸ್ಕಾರ ಅದಕ್ಕೆ ಶತಮಾನಗಳ ಕಾಲ ತಪ್ಪಲಿಲ್ಲ. ಜಪಾನಿನ ಆಳಿಕೆಯ ಕಡೆಯ ವರ್ಷಗಳಲ್ಲಂತೂ ಶಾಲೆಯಿಂದ ಆ ಭಾಷೆಯನ್ನೇ ಹೊರಗಟ್ಟಿದರು. ೧೯೪೨ರಲ್ಲಿ, ನಿಘಂಟು ಸಿದ್ಧಪಡಿಸುತ್ತಿದ್ದ ಕೊರಿಯನ್ ಭಾಷಾಸಂಘದ ವಿದ್ವಾಂಸರನ್ನು ಸೆರೆಗೆ ನೂಕಿದರು. ಇಬ್ಬರು ಸೆರೆಮನೆಯಲ್ಲಿಯೇ ಸತ್ತರು. ಪೊಲೀಸರು ವಶಪಡಿಸಿಕೊಂಡಿದ್ದ ಹಸ್ತಪ್ರತಿ ೧೯೪೫ರ ಸೆಪ್ಟೆಂಬರಿನಲ್ಲಿ ಸೋಲ್ ರೈಲುನಿಲ್ದಾಣದ ಉಗ್ರಾಣವೊಂದರಲ್ಲಿ ಸಿಕ್ಕಿತು. ಮೊದಲ ಸಂಪುಟ ೧೯೪೭ರಲ್ಲಿ, ಆರನೆಯದು ೧೯೫೭ರಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಗ್ರಂಥಾಲಯದಲ್ಲಿ ಧೂಳು ಒರೆಸಿ ತೆಗೆಯುವಾಗಲೆಲ್ಲ ನನಗೆ ಆ ಉಗ್ರಾಣ ನೆನಪಾಗುತ್ತದೆ.

ಆ ನಾಡಿನ ಹಾನ್ ಕಾಂಗ್ ೨೦೧೬ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನವನ್ನೂ ೨೦೨೪ರಲ್ಲಿ ನೊಬೆಲ್ ಬಹುಮಾನವನ್ನೂ ಪಡೆದರು. ಅದೇ ಬೂಕರ್ ೨೦೨೫ರಲ್ಲಿ ನಮ್ಮ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಬಂದಿತು. ಎರಡು ನುಡಿಗಳೂ ಆ ಪಂಕ್ತಿಯಲ್ಲಿ ಕುಳಿತದ್ದು ಇಂಗ್ಲಿಷಿನ ಎಲೆಯ ಮೇಲೆ. ಇಂಗ್ಲಿಷಿನ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ತಿಂದು ನೋಡು ಎಂಬುದನ್ನು ‘ತಿನ್ನಲು ಪ್ರಯತ್ನಿಸು’ ಎಂದು ಓದಿ, ಅದನ್ನು ಮತ್ತೆ ತಿಂದು ನೋಡು ಎಂದು ತಿರುಗಿಸುವ ದುಡಿಮೆ ಎಂದಾದರೂ ಒಮ್ಮೆ ತಪ್ಪಬೇಕಲ್ಲ. ಆ ಕೆಲಸಕ್ಕೆ ಜನ ಬೇಕಾದರೆ, ಇಂಗ್ಲಿಷ್ ಬಾರದ ಕಾರಣಕ್ಕೆ ತರಗತಿಯಿಂದ ಹಿಂದಕ್ಕೆ ಕಳಿಸಿದವರ ನಡುವೆಯೇ ಅವರನ್ನು ಹುಡುಕಬೇಕಾದೀತು.

ಆ ಹುಡುಗಿಯ ಬಳಿ ಈಗ ಇನ್ನೂರು ಪುಟದ ಒಂದು ನೋಟುಪುಸ್ತಕವಿದೆ. ಪುಟಕ್ಕೆ ಎರಡೇ ಅಂಕಣ, ಕೊರಿಯನ್ ಮತ್ತು ಕನ್ನಡ. ೧೯೯೭ರಲ್ಲಿ ಆರಂಭವಾದ ಕೊರಿಯನ್ ಪ್ರಾವೀಣ್ಯ ಪರೀಕ್ಷೆಗೆ ಆರು ಹಂತಗಳು. ಮೂರನೆಯದಕ್ಕೆ ಕೂರುತ್ತೇನೆಂದು ಮನಸ್ಸು ಮಾಡಿದ್ದಾಳೆ, ಅವಳ ಮಾತಿನಲ್ಲಿ ಹೇಳುವುದಾದರೆ ಮನಸ್ಸು ತಿಂದಿದ್ದಾಳೆ. ಶುಲ್ಕವನ್ನು ತಾಯಿ ಸೊಪ್ಪಿನ ಗಲ್ಲದಿಂದ ಎತ್ತಿಟ್ಟಿದ್ದಾರಂತೆ. ವತಾರದ ಇಬ್ಬರು ಹುಡುಗಿಯರೂ ಸಂಜೆ ಅವಳ ಪಕ್ಕದಲ್ಲಿ ಕೂರುತ್ತಾರೆ. ಪುಸ್ತಕದಲ್ಲಿ ಕನ್ನಡದ ಅಂಕಣ ಖಾಲಿಯಿರುವ ಪದಗಳು ಹತ್ತಿಪ್ಪತ್ತು ಇದ್ದವು. ಅವುಗಳಲ್ಲಿ ‘ಶಿವೊನ್‌ಹಾದಾ’ ಎಂಬುದೊಂದು. ಕೋಶದಲ್ಲಿ ಅದಕ್ಕೆ ‘ತಂಪು’ ಎಂಬ ಅರ್ಥ. ಆದರೆ ಕೊರಿಯನ್ನರು ಹೊಗೆಯಾಡುವ ಸಾರನ್ನು ಗುಟುಕರಿಸಿ, ಬೆವರು ಒರೆಸಿಕೊಳ್ಳುತ್ತ ‘ಶಿವೊನ್‌ಹಾದಾ’ ಎನ್ನುತ್ತಾರೆ. ಸುಡುವ ಸಾರು ತಂಪಾಗುವುದು ಹೇಗೆ? ನಾನು ‘ಹಿತ’ ಎಂದೆ, ‘ಆಪ್ಯಾಯಮಾನ’ ಎಂದೆ. ಅವಳು ತಲೆಯಾಡಿಸಿದಳೇ ಹೊರತು ಬರೆದುಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಬಂದು ಪುಸ್ತಕ ತೋರಿಸಿದಳು. ಮಳೆಯಲ್ಲಿ ನೆನೆದು ಬಂದ ತಾಯಿ ರಾತ್ರಿ ಮೆಣಸಿನ ಸಾರು ಕುಡಿದು, ಲೋಟ ಕೆಳಗಿಟ್ಟು ಆಡಿದ ಮಾತನ್ನು ಹಾಗೆಯೇ ಬರೆದಿದ್ದಳು: ‘ಅಬ್ಬ, ಹಾಯ್ ಅನ್ನಿಸ್ತು ಕಣೇ.’